ಉತ್ಸವಕ್ಕೆ ಕರೆದವರನ್ನು ಸಭೆಗೂ ಕರೆಯಿರಿ: ಜಗತ್ತಿನ ಮಹಾನಗರಗಳ ಆಡಳಿತಕ್ಕೊಂದು ಬಹಿರಂಗ ಪತ್ರ

ಮಹಾನಗರಗಳ ಮೇಯರ್‌ಗಳಿಗೆ, ನಗರಪಾಲಿಕೆಗಳ ಸದಸ್ಯರಿಗೆ ಮತ್ತು ಅಧಿಕಾರಿಗಳಿಗೆ,

ಮಾನ್ಯರೇ,

ಹುಟ್ಟಿದ ದೇಶವನ್ನು ಬಿಟ್ಟು ನಿಮ್ಮ ನಗರಗಳಿಗೆ ಬಂದು ನೆಲೆಸಿದ ಅಸಂಖ್ಯ ಜನರಲ್ಲಿ ನಾನೂ ಒಬ್ಬ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಹುಟ್ಟಿದ ದೇಶದ ಹೊರಗೆ ಬದುಕುತ್ತಿದ್ದವರ ಸಂಖ್ಯೆ ಸುಮಾರು 30 ಕೋಟಿ 40 ಲಕ್ಷ. ಕೆಲಸ ಸಿಗುವ ಕಡೆಗೆ ಜನ ಹೋಗುತ್ತಾರಾದ್ದರಿಂದ, ಇವರಲ್ಲಿ ಬಹಳಷ್ಟು ಮಂದಿ ನಿಮ್ಮಂಥ ನಗರಗಳಲ್ಲೇ ಬಂದು ಸೇರಿದ್ದಾರೆ. 2021ರ ಜನಗಣತಿಯ ಪ್ರಕಾರ ಲಂಡನ್ನಿನ ಪ್ರತಿ ಹತ್ತು ನಿವಾಸಿಗಳಲ್ಲಿ ನಾಲ್ವರು ಬ್ರಿಟನ್ನಿನ ಹೊರಗೆ ಹುಟ್ಟಿದವರು; ಅದೇ ವರ್ಷದ ಗಣತಿಯಲ್ಲಿ ಟೊರಾಂಟೊ ನಗರದಲ್ಲಿ ವಲಸೆ ಬಂದವರ ಪಾಲು ಶೇ. 46ನ್ನು ದಾಟಿತ್ತು, ದುಬೈಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಆ ದೇಶದ ಪೌರತ್ವವೇ ಇಲ್ಲ. ಇಷ್ಟೊಂದು ಜನರನ್ನು ಇಂದು ಬಂದು ನಾಳೆ ಹೋಗುವ ಅತಿಥಿಗಳೆಂದು ಭಾವಿಸಿ ಆಡಳಿತ ನಡೆಸುವುದು ಇನ್ನು ಸಾಧ್ಯವಿಲ್ಲ ಎಂಬುದನ್ನು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ನಗರಗಳು ವೈವಿಧ್ಯವನ್ನು ಕೊಂಡಾಡುವುದಿಲ್ಲ ಎಂದು ನಾನು ದೂರುತ್ತಿಲ್ಲ. ಟೊರಾಂಟೊ 1998ರಲ್ಲಿ ವೈವಿಧ್ಯವೇ ನಮ್ಮ ಬಲ ಎಂಬ ಅರ್ಥದ ಮಾತನ್ನು ತನ್ನ ಧ್ಯೇಯವಾಕ್ಯವಾಗಿಯೇ ಸ್ವೀಕರಿಸಿತು. ವಿಶ್ವಸಂಸ್ಥೆ ಪ್ರತಿ ವರ್ಷ ಮೇ 21ನ್ನು ಸಾಂಸ್ಕೃತಿಕ ವೈವಿಧ್ಯದ ದಿನವಾಗಿ ಆಚರಿಸುತ್ತದೆ. ಆಹಾರ ಮೇಳಗಳು, ಮೆರವಣಿಗೆಗಳು, ಹತ್ತಾರು ದೇಶಗಳ ಹಾಡು ಕುಣಿತಗಳು ಎಲ್ಲ ಮಹಾನಗರಗಳಲ್ಲಿಯೂ ನಡೆಯುತ್ತವೆ, ನಾವು ಸಂತೋಷದಿಂದಲೇ ಅವುಗಳಲ್ಲಿ ಪಾಲ್ಗೊಳ್ಳುತ್ತೇವೆ. ಆದರೆ ಪರದೇಶದಲ್ಲಿ ಬದುಕುವವನಿಗೆ ತಾನು ಈ ಊರಿನವನೋ ಅಲ್ಲವೋ ಎಂಬುದು ಗೊತ್ತಾಗುವ ಜಾಗಗಳು ಬೇರೆಯೇ ಇವೆ: ಆಸ್ಪತ್ರೆಯ ಹೊರರೋಗಿ ವಿಭಾಗ, ಬಾಡಿಗೆ ಮನೆಯ ಬಾಗಿಲು, ಮಗುವಿನ ಶಾಲೆ, ಪೊಲೀಸ್ ಠಾಣೆ, ಕಾರ್ಮಿಕ ಕಚೇರಿ, ಕೊನೆಗೆ ಸ್ಮಶಾನ. ವೈವಿಧ್ಯವನ್ನು ನೀವು ನಿಜವಾಗಿ ಒಪ್ಪಿಕೊಂಡಿದ್ದೀರೋ ಇಲ್ಲವೋ ಎಂಬುದನ್ನು ಅಲ್ಲಿ ನೋಡಬೇಕೇ ಹೊರತು ಉತ್ಸವದ ವೇದಿಕೆಯಲ್ಲಿ ನೋಡಿದರೆ ತಿಳಿಯುವುದಿಲ್ಲ.

ಮೊದಲಿಗೆ ಭಾಷೆಯ ವಿಷಯ, ಏಕೆಂದರೆ ಇದು ಕೆಲವೊಮ್ಮೆ ಜೀವ ಹೋಗುವ ವಿಷಯ. 1995ರ ಜನವರಿ 17ರಂದು ಜಪಾನಿನ ಕೋಬೆ ಪ್ರದೇಶದಲ್ಲಿ ಭೂಕಂಪವಾದಾಗ ಅಲ್ಲಿದ್ದ ಅನೇಕ ವಿದೇಶಿ ನಿವಾಸಿಗಳಿಗೆ ನೀರು ಎಲ್ಲಿ ಸಿಗುತ್ತದೆ, ಆಶ್ರಯ ಶಿಬಿರ ಎಲ್ಲಿದೆ ಎಂಬುದೇ ತಿಳಿಯಲಿಲ್ಲ, ಏಕೆಂದರೆ ಸೂಚನೆಗಳೆಲ್ಲ ಕ್ಲಿಷ್ಟವಾದ ಜಪಾನಿ ಭಾಷೆಯಲ್ಲಿದ್ದವು. ನಗರದ ನಾಗಾತಾ ಬಡಾವಣೆಯಲ್ಲಿ ನೆಲೆಸಿದ್ದ ಕೊರಿಯನ್ನರು ಮತ್ತು ವಿಯೆಟ್ನಾಮಿನವರು ತಮ್ಮವರಿಗೆ ಸುದ್ದಿ ಮುಟ್ಟಿಸಲು ತಾವೇ ಸಣ್ಣ ರೇಡಿಯೊ ಕೇಂದ್ರಗಳನ್ನು ಕಟ್ಟಿಕೊಂಡರು, ಅವು ಆಮೇಲೆ ಒಂದಾಗಿ ಬಹುಭಾಷಾ ಸಮುದಾಯ ರೇಡಿಯೊ ಆದವು. ಅದೇ ದುರಂತದ ಪಾಠದಿಂದ ಜಪಾನಿನ ಭಾಷಾತಜ್ಞರು ಸರಳ ಜಪಾನಿ ಎಂಬ ಬರವಣಿಗೆಯ ಕ್ರಮವನ್ನು ರೂಪಿಸಿದರು: ಚಿಕ್ಕ ವಾಕ್ಯಗಳು, ದಿನಬಳಕೆಯ ಪದಗಳು, ಒಂದು ವಾಕ್ಯಕ್ಕೆ ಒಂದೇ ವಿಷಯ. ಇಂದು ಅಲ್ಲಿನ ಅನೇಕ ನಗರಪಾಲಿಕೆಗಳು ಅದನ್ನು ಬಳಸುತ್ತಿವೆ. ಎಲ್ಲ ಪ್ರಕಟಣೆಗಳನ್ನೂ ನೂರು ಭಾಷೆಗಳಿಗೆ ಅನುವಾದಿಸುವುದು ಅಸಾಧ್ಯ ಎಂದು ಹೇಳುವ ಅಧಿಕಾರಿಗಳು ಈ ಉಪಾಯವನ್ನು ಗಮನಿಸಬೇಕು. ಸರಳವಾಗಿ ಬರೆದ ಸ್ಥಳೀಯ ಭಾಷೆಯ ಸೂಚನೆ ಹೊಸದಾಗಿ ಬಂದವನಿಗೆ ಮಾತ್ರವಲ್ಲ, ಅಲ್ಲಿಯೇ ಹುಟ್ಟಿದ ಮುದುಕರಿಗೂ ಮಕ್ಕಳಿಗೂ ಉಪಯೋಗಕ್ಕೆ ಬರುತ್ತದೆ.

ಕೋಬೆಯ ಪಾಠ ಎಲ್ಲೆಡೆ ಹರಡಿದೆಯೇ ಎಂದು ಕೇಳಿದರೆ ಹೌದೆನ್ನುವುದು ಕಷ್ಟ. 2021ರ ಸೆಪ್ಟೆಂಬರಿನಲ್ಲಿ ಐಡಾ ಚಂಡಮಾರುತದ ಮಳೆ ನ್ಯೂಯಾರ್ಕನ್ನು ಮುಳುಗಿಸಿದಾಗ ಸತ್ತವರಲ್ಲಿ ಹೆಚ್ಚಿನವರು ನೆಲಮಾಳಿಗೆಯ ಮನೆಗಳಲ್ಲಿ ವಾಸವಾಗಿದ್ದವರು. ಅವರಲ್ಲಿ ಅನೇಕರು ಕ್ವೀನ್ಸ್ ಭಾಗದ ವಲಸಿಗರು. ಅಂದು ರಾತ್ರಿ ಮೊಬೈಲುಗಳಿಗೆ ಬಂದ ರಾಷ್ಟ್ರೀಯ ಹವಾಮಾನ ಇಲಾಖೆಯ ಪ್ರವಾಹದ ಎಚ್ಚರಿಕೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ಮಾತ್ರ ಇತ್ತು. ಗಮನಿಸಬೇಕಾದ ಸಂಗತಿಯೆಂದರೆ, ಅದೇ ನಗರ 2017ರಲ್ಲಿಯೇ ತನ್ನ ಇಲಾಖೆಗಳ ಮುಖ್ಯ ದಾಖಲೆಗಳೆಲ್ಲ ಇಂಗ್ಲಿಷಿನ ಜೊತೆಗೆ ಇನ್ನೂ 10 ಭಾಷೆಗಳಲ್ಲಿ ಇರಬೇಕೆಂದು ಕಾನೂನು ಮಾಡಿತ್ತು. ನಗರದ ಕಾನೂನು ಒಳ್ಳೆಯದೇ ಆಗಿದ್ದರೂ ರಾಷ್ಟ್ರಮಟ್ಟದ ಇಲಾಖೆಯ ವ್ಯವಸ್ಥೆ ಅದರ ಜೊತೆ ಹೊಂದಿಕೊಂಡಿರಲಿಲ್ಲ. ಎರಡು ಕಚೇರಿಗಳ ನಡುವಿನ ಇಂಥ ಸಂದುಗಳಲ್ಲಿಯೇ ನಮ್ಮ ಜನ ಬೀಳುವುದು, ಅದನ್ನು ಮುಚ್ಚುವ ಕೆಲಸ ಯಾರದ್ದೆಂಬ ಚರ್ಚೆ ಮಾತ್ರ ಮುಗಿಯುವುದಿಲ್ಲ.

ಆಸ್ಪತ್ರೆಗಳಲ್ಲಿ ನಡೆಯುವುದು ಇಷ್ಟು ದೊಡ್ಡ ಸುದ್ದಿಯಾಗುವುದಿಲ್ಲ, ಆದರೆ ಪ್ರತಿದಿನ ನಡೆಯುತ್ತದೆ. ತಾಯಿಗೆ ಬಂದಿರುವ ಕಾಯಿಲೆ ಏನೆಂದು ವೈದ್ಯರು ಹೇಳುವುದನ್ನು ಹತ್ತು ಹನ್ನೆರಡು ವರ್ಷದ ಮಗಳು ಮಾತೃಭಾಷೆಗೆ ತಿರುಗಿಸಿ ಹೇಳಬೇಕಾಗುತ್ತದೆ. ಶಾಲೆಯಲ್ಲಿ ಕಲಿತ ಭಾಷೆಯಲ್ಲಿ ಆ ಮಗುವಿಗೆ ಗರ್ಭಕೋಶ, ಗಡ್ಡೆ, ಶಸ್ತ್ರಚಿಕಿತ್ಸೆ ಎಂಬ ಪದಗಳು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಅದನ್ನು ತಾಯಿಯ ಮುಖ ನೋಡಿ ಹೇಳುವ ಭಾರವನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ಹೊರಿಸಬಾರದು. ಗಂಡನೇ ಹೊಡೆದು ಗಾಯಗೊಳಿಸಿದ ಹೆಣ್ಣಿಗೆ ಆ ಗಂಡನೇ ದುಭಾಷಿಯಾಗಿ ನಿಂತರೆ ಏನಾಗುತ್ತದೆ ಎಂಬುದನ್ನೂ ಯೋಚಿಸಿ. ಇದಕ್ಕೆ ಪರಿಹಾರ ಹೊಸದೇನಲ್ಲ. ಆಸ್ಟ್ರೇಲಿಯಾ 1973ರಲ್ಲಿಯೇ ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳಲ್ಲಿ ತುರ್ತು ದೂರವಾಣಿ ದುಭಾಷಿ ಸೇವೆಯನ್ನು ಆರಂಭಿಸಿತು. ಇಂದು ಅದು ದಿನದ 24 ಗಂಟೆಯೂ 150ಕ್ಕೂ ಹೆಚ್ಚು ಭಾಷೆಗಳಲ್ಲಿ ದೊರೆಯುತ್ತದೆ. ವೈದ್ಯರು ಒಂದು ಸಂಖ್ಯೆಗೆ ಕರೆ ಮಾಡಿದರೆ ತರಬೇತಿ ಪಡೆದ, ಗೋಪ್ಯತೆ ಕಾಪಾಡುವ ದುಭಾಷಿಯೊಬ್ಬರು ಮಾತಿಗೆ ಸಿಗುತ್ತಾರೆ. ತಂತಿಯ ದೂರವಾಣಿಯ ಕಾಲದಲ್ಲಿ ಆಗಿದ್ದು ಈಗ ಆಗದು ಎನ್ನುವುದನ್ನು ನಾನು ಒಪ್ಪಲಾರೆ. ಮಕ್ಕಳನ್ನು ದುಭಾಷಿಗಳಾಗಿ ಬಳಸುವುದನ್ನು ನಗರದ ಆಸ್ಪತ್ರೆಗಳಲ್ಲಿ, ಜೀವಾಪಾಯದ ತುರ್ತು ಸಂದರ್ಭವೊಂದನ್ನು ಬಿಟ್ಟು, ನಿಷೇಧಿಸಬೇಕೆಂಬುದು ನನ್ನ ಸ್ಪಷ್ಟ ಬೇಡಿಕೆ.

ಇನ್ನು, ಪರದೇಶದಿಂದ ಬಂದವರೆಲ್ಲರನ್ನೂ ಒಂದೇ ಗುಂಪಿನಂತೆ ನೋಡಿದರೆ ಸತ್ಯ ಮರೆಯಾಗುತ್ತದೆ. ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡುವವನಿಗೆ ಕಂಪನಿಯೇ ಮನೆ ಹುಡುಕಿಕೊಡುತ್ತದೆ, ಮಕ್ಕಳಿಗೆ ಅಂತರರಾಷ್ಟ್ರೀಯ ಶಾಲೆಯ ಶುಲ್ಕ ಕಟ್ಟುತ್ತದೆ. ಆ ಕಟ್ಟಡವನ್ನು ಕಟ್ಟಿದವನು, ಅದರ ನೆಲ ಒರೆಸುವವಳು, ಅದೇ ನಗರದಲ್ಲಿದ್ದೂ ಬೇರೆಯೇ ನಿಯಮಗಳ ಕೆಳಗೆ ಬದುಕುತ್ತಾರೆ. ಹಾಂಗ್‌ಕಾಂಗಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ವಿದೇಶಿ ಮನೆಗೆಲಸದವರಿದ್ದಾರೆ, ಅವರಲ್ಲಿ ಬಹುತೇಕರು ಫಿಲಿಪ್ಪೀನ್ಸ್ ಮತ್ತು ಇಂಡೊನೇಷ್ಯಾದ ಹೆಣ್ಣುಮಕ್ಕಳು. ಅವರು ಮಾಲೀಕರ ಮನೆಯಲ್ಲಿಯೇ ವಾಸಿಸಬೇಕು. ಕೆಲಸ ಹೋದರೆ ಸಾಮಾನ್ಯವಾಗಿ ಎರಡು ವಾರಗಳೊಳಗೆ ನಗರ ಬಿಡಬೇಕು. ಇತರ ವಿದೇಶಿ ಉದ್ಯೋಗಿಗಳು ಏಳು ವರ್ಷ ನೆಲೆಸಿದರೆ ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು, ಆದರೆ ಈ ಹೆಂಗಸರು ಇಪ್ಪತ್ತು ವರ್ಷ ದುಡಿದರೂ ಹಾಕುವಂತಿಲ್ಲ ಎಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ 2013ರಲ್ಲಿ ಎತ್ತಿಹಿಡಿಯಿತು. ಭಾನುವಾರಗಳಂದು ನಗರದ ಮಧ್ಯಭಾಗದ ಸೇತುವೆಗಳ ಮೇಲೆ, ಬ್ಯಾಂಕುಗಳ ಕಟ್ಟಡಗಳ ಕೆಳಗೆ ರಟ್ಟಿನ ಹಾಳೆ ಹಾಸಿಕೊಂಡು ಅವರು ಗುಂಪುಗುಂಪಾಗಿ ಕುಳಿತಿರುತ್ತಾರೆ, ಏಕೆಂದರೆ ವಾರದ ಒಂದೇ ರಜೆಯನ್ನು ಕಳೆಯಲು ಅವರಿಗೆ ಸ್ವಂತದ್ದೆಂಬ ಇನ್ನೊಂದು ಜಾಗವಿಲ್ಲ. ಪ್ರವಾಸಿಗಳು ಅದನ್ನು ನಗರದ ಒಂದು ವಿಶೇಷವೆಂಬಂತೆ ಚಿತ್ರ ತೆಗೆದುಕೊಂಡು ಹೋಗುತ್ತಾರೆ.

ಸಿಂಗಾಪುರವೂ ಇದೇ ಪಾಠವನ್ನು ಕಷ್ಟಪಟ್ಟು ಕಲಿತಿದೆ. ನಾಲ್ಕು ಅಧಿಕೃತ ಭಾಷೆಗಳುಳ್ಳ, ಜನಾಂಗಗಳ ಸೌಹಾರ್ದವನ್ನು ರಾಷ್ಟ್ರನೀತಿಯಾಗಿಯೇ ಪಾಲಿಸುವ ಆ ನಗರದಲ್ಲಿ 2020ರ ಕೋವಿಡ್ ಸೋಂಕಿತರ ಪೈಕಿ ಶೇ. 90ಕ್ಕೂ ಹೆಚ್ಚು ಮಂದಿ ವಲಸೆ ಕಾರ್ಮಿಕರ ವಸತಿಗೃಹಗಳಲ್ಲಿದ್ದವರು. ಹನ್ನೆರಡರಿಂದ ಇಪ್ಪತ್ತು ಜನ ಒಂದು ಕೋಣೆಯಲ್ಲಿ ಮಲಗುವ ವ್ಯವಸ್ಥೆ ಮೊದಲಿನಿಂದಲೂ ಇತ್ತು. ರೋಗ ಬಂದ ಮೇಲೆ ಮಾತ್ರ ನಗರ ಅದನ್ನು ಕಣ್ಣೆತ್ತಿ ನೋಡಿತು. ಆಮೇಲೆ ಹೊಸ ವಸತಿಗೃಹಗಳಿಗೆ ಕೋಣೆಗೆ 12 ಜನರ ಮಿತಿಯೂ, ಇನ್ನಷ್ಟು ಜಾಗ, ಗಾಳಿ ಬೆಳಕಿನ ನಿಯಮಗಳೂ ಬಂದವು. ಮನೆಗೆಲಸದವರ ತಿಂಗಳ ಒಂದು ರಜೆಯನ್ನಾದರೂ ಹಣ ಕೊಟ್ಟು ರದ್ದುಮಾಡುವಂತಿಲ್ಲ ಎಂಬ ನಿಯಮ 2023ರ ಜನವರಿಯಿಂದ ಜಾರಿಯಲ್ಲಿದೆ. ಇವು ಸಣ್ಣ ಸುಧಾರಣೆಗಳೇ ಆದರೂ ಆಡಳಿತ ಮನಸ್ಸು ಮಾಡಿದರೆ ಬದಲಾವಣೆ ಆಗುತ್ತದೆ ಎಂಬುದನ್ನು ತೋರಿಸುತ್ತವೆ, ಆದ್ದರಿಂದಲೇ ಇವನ್ನು ಹೇಳಿದೆ.

ವೀಸಾ, ಪೌರತ್ವ, ಗಡಿ ಇವೆಲ್ಲ ರಾಷ್ಟ್ರ ಸರ್ಕಾರದ ವಿಷಯ, ನಗರಪಾಲಿಕೆಯ ಕೈಯಲ್ಲಿ ಏನೂ ಇಲ್ಲ ಎಂದು ನೀವು ಹೇಳಬಹುದು. ಆ ಮಾತಿನಲ್ಲಿ ಅರ್ಧ ನಿಜವಿದೆ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವವನ ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಿಕೊಳ್ಳಲು ಸಿಗುವುದು ಗರಿಷ್ಠ 60 ದಿನ. ಮಕ್ಕಳ ಪರೀಕ್ಷೆ, ಮನೆಯ ಬಾಡಿಗೆ ಕರಾರು, ಸಾಲದ ಕಂತು ಎಲ್ಲವೂ ಆ ಎರಡು ತಿಂಗಳಲ್ಲಿ ಇತ್ಯರ್ಥವಾಗಬೇಕು. ಇದನ್ನು ಯಾವ ಮೇಯರೂ ಬದಲಿಸಲಾರರು. ಆದರೆ ನಗರದ ಮಟ್ಟದಲ್ಲಿ ಮಾಡಬಹುದಾದದ್ದೂ ಕಡಿಮೆಯೇನಿಲ್ಲ. ಅಮೆರಿಕದ ನ್ಯೂ ಹೇವನ್ ಎಂಬ ಚಿಕ್ಕ ನಗರ 2007ರಲ್ಲಿ, ನ್ಯೂಯಾರ್ಕ್ 2015ರಲ್ಲಿ, ವಲಸೆಯ ಸ್ಥಿತಿಗತಿ ಏನೆಂದು ಕೇಳದೆ ನಿವಾಸಿಗಳಿಗೆಲ್ಲ ನಗರದ ಗುರುತಿನ ಚೀಟಿ ಕೊಡಲಾರಂಭಿಸಿದವು. ಗುರುತಿನ ಚೀಟಿಯಿಲ್ಲದೆ ಗ್ರಂಥಾಲಯದ ಸದಸ್ಯತ್ವವಿಲ್ಲ, ಮಗುವಿನ ಶಾಲೆಯೊಳಗೆ ಪ್ರವೇಶವಿಲ್ಲ, ಕಳ್ಳತನವಾದರೆ ದೂರು ಕೊಡಲು ಧೈರ್ಯವಿಲ್ಲ ಎಂಬ ಸ್ಥಿತಿಯಲ್ಲಿ ಬದುಕಿದವರಿಗೆ ಒಂದು ಚಿಕ್ಕ ಕಾರ್ಡಿನ ಬೆಲೆ ಏನೆಂಬುದು ಚೆನ್ನಾಗಿ ಗೊತ್ತು.

ಶಾಲೆಗಳ ವಿಷಯದಲ್ಲಿ ಹೆಚ್ಚು ಬರೆಯುವ ಅಗತ್ಯವಿಲ್ಲ, ಸ್ವೀಡನ್ ದಾರಿ ತೋರಿಸಿದೆ. ಅಲ್ಲಿ ಒಂದು ಭಾಷೆಯ ಐವರು ಮಕ್ಕಳಿದ್ದು, ಅರ್ಹ ಶಿಕ್ಷಕರು ಸಿಕ್ಕಿದರೆ ಸ್ಥಳೀಯ ಆಡಳಿತ ಆ ಮಕ್ಕಳಿಗೆ ಮಾತೃಭಾಷೆಯ ಪಾಠ ಏರ್ಪಡಿಸಬೇಕು. ಮನೆಯ ಭಾಷೆ ಗಟ್ಟಿಯಾಗಿ ಬಂದ ಮಗು ಊರಿನ ಭಾಷೆಯನ್ನೂ ಚೆನ್ನಾಗಿ ಕಲಿಯುತ್ತದೆ ಎಂಬುದು ಬಹುಭಾಷಿಕ ಮನೆಗಳಲ್ಲಿ ಬೆಳೆದ ಯಾರಿಗೂ ಹೊಸ ವಿಷಯವಾಗಿರಲಾರದು.

ಸಾವಿನ ವಿಷಯವನ್ನು ನಗರ ಯೋಜನೆಗಳು ಬಹುಮಟ್ಟಿಗೆ ಮರೆತೇಬಿಡುತ್ತವೆ. ಪರದೇಶಕ್ಕೆ ಬಂದವರು ದುಡಿಯುವ ವಯಸ್ಸಿನವರು, ಮುಪ್ಪಾಗುವ ಮೊದಲೇ ಮರಳುತ್ತಾರೆ ಎಂಬ ಗ್ರಹಿಕೆ ಇದಕ್ಕೆ ಕಾರಣವಿರಬಹುದು. ಆದರೆ ನಾವು ಇಲ್ಲಿಯೇ ಮುದುಕರಾಗುತ್ತಿದ್ದೇವೆ, ಇಲ್ಲಿಯೇ ಸಾಯುತ್ತಿದ್ದೇವೆ. ಶೇ. 99ಕ್ಕೂ ಹೆಚ್ಚು ಶವಗಳನ್ನು ಸುಡುವ ಜಪಾನಿನಲ್ಲಿ ಹೂಳುವ ಸಂಪ್ರದಾಯದ ಮುಸ್ಲಿಮರಿಗೆ ಬೆರಳೆಣಿಕೆಯಷ್ಟು ಸ್ಮಶಾನಗಳಿವೆ, ಹೊಸದಕ್ಕೆ ಜಾಗ ಕೇಳಿದರೆ ನೆರೆಹೊರೆಯವರ ವಿರೋಧ ಎದುರಾಗುತ್ತದೆ. ಬ್ರಿಟನ್ನಿನ ನ್ಯೂಕಾಸಲ್‌ನಲ್ಲಿ ಹಿಂದೂ ಹಿರಿಯರೊಬ್ಬರು ತಮ್ಮ ದೇಹವನ್ನು ಚಿತೆಯ ಮೇಲೆ ಸುಡಲು ಅವಕಾಶ ಬೇಕೆಂದು ನಗರಸಭೆಯನ್ನು ಕೇಳಿ, ನಿರಾಕರಣೆ ಪಡೆದು, ನ್ಯಾಯಾಲಯಗಳನ್ನು ಹತ್ತಿ, 2010ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು. ಗೋಡೆ ಮತ್ತು ತೆರೆದ ಚಾವಣಿಯುಳ್ಳ ಕಟ್ಟಡದೊಳಗೆ ಚಿತೆ ಉರಿಸುವುದು ಇರುವ ಕಾನೂನಿನಲ್ಲಿಯೇ ಸಾಧ್ಯ ಎಂದು ನ್ಯಾಯಾಧೀಶರು ಕಂಡುಕೊಂಡರು. ಬದುಕಿರುವಾಗಲೇ ತನ್ನ ಅಂತ್ಯಕ್ರಿಯೆಗಾಗಿ ವರ್ಷಗಟ್ಟಲೆ ಹೋರಾಡುವ ಸ್ಥಿತಿ ಯಾವ ಹಿರಿಯರಿಗೂ ಬರಬಾರದು. ರಸ್ತೆ, ಚರಂಡಿ, ಉದ್ಯಾನಗಳಿಗೆ ಮುಂದಿನ ಇಪ್ಪತ್ತು ವರ್ಷಗಳ ಯೋಜನೆ ಮಾಡುವಾಗ ಈ ಲೆಕ್ಕವನ್ನೂ ಅದರಲ್ಲಿ ಸೇರಿಸಿರಿ.

ನಿಮ್ಮ ನಗರಗಳ ಮೂಲ ನಿವಾಸಿಗಳ ಅಸಮಾಧಾನವೂ ನಮಗೆ ತಿಳಿಯದ ವಿಷಯವಲ್ಲ, ಅದನ್ನು ಬರಿಯ ದ್ವೇಷವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಹೊರಗಿನ ಹಣವಂತರು ಬಂದಾಗ ಬಾಡಿಗೆ ಏರುತ್ತದೆ, ತಲೆತಲಾಂತರದಿಂದ ಇದ್ದವರು ಊರಂಚಿಗೆ ಸರಿಯಬೇಕಾಗುತ್ತದೆ. ಲಿಸ್ಬನ್ ಜನರ ಸಿಟ್ಟಿಗೆ ಇದೂ ಒಂದು ಕಾರಣವಾಗಿತ್ತು, ಪೋರ್ಚುಗಲ್ ಸರ್ಕಾರ 2023ರಲ್ಲಿ ಮನೆ ಕೊಂಡವರಿಗೆ ವಾಸದ ಪರವಾನಗಿ ಕೊಡುವ ಕ್ರಮವನ್ನು ನಿಲ್ಲಿಸಿದ್ದು ಸರಿಯಾಗಿಯೇ ಇತ್ತು. ಆದರೆ ಸಿಟ್ಟು ಎತ್ತ ತಿರುಗಬೇಕು ಎಂಬುದನ್ನು ನಿರ್ಧರಿಸುವಲ್ಲಿ ನಿಮ್ಮ ಪಾತ್ರ ದೊಡ್ಡದು. ಮನೆಗಳ ಕೊರತೆಗೆ ನೀತಿಯ ಲೋಪ ಕಾರಣವಾಗಿರುವಾಗ, ಆ ಲೋಪವನ್ನು ಒಪ್ಪಿಕೊಳ್ಳದೆ ಸುಮ್ಮನಿದ್ದರೆ, ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಹೋಗುವ ಕಪ್ಪು ಕಂದು ಮೈಬಣ್ಣದವನೊಬ್ಬ ಅದರ ಬೆಲೆ ತೆರುತ್ತಾನೆ.

ನಮ್ಮ ಕಡೆಯ ಕರ್ತವ್ಯವನ್ನೂ ಹೇಳಬೇಕು. ಊರಿನ ಭಾಷೆಯನ್ನು ಕಲಿಯದೆ, ನಮ್ಮವರ ನಡುವೆಯೇ ಉಂಡು ಉಟ್ಟು ವರ್ಷಗಳನ್ನು ಕಳೆಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ದೊಡ್ಡ ಸಂಬಳದವರಲ್ಲಿ ಇದು ಇನ್ನೂ ಹೆಚ್ಚು. ಇದು ತಪ್ಪು. ಹಾಗೆಯೇ, ಒಂದೊಂದು ದೇಶದವರು ಒಂದೊಂದು ಬೀದಿಯಲ್ಲಿ ಕೂಡಿಕೊಳ್ಳುವುದು ಮೊದಲ ದಿನಗಳಲ್ಲಿ ಆಸರೆಯಾದರೂ ಕಾಲ ಕಳೆದಂತೆ ಗೋಡೆಯಾಗುತ್ತದೆ. ಸಿಂಗಾಪುರ 1989ರಿಂದ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಪ್ರತಿ ಜನಾಂಗಕ್ಕೂ ಮಿತಿ ನಿಗದಿಮಾಡಿ ಎಲ್ಲರೂ ಬೆರೆತು ಬಾಳುವಂತೆ ಮಾಡಿದೆ. ಅದರಿಂದ ಬೇರೆ ಬೇರೆ ಜನಾಂಗಗಳ ಮಕ್ಕಳು ಒಂದೇ ಅಂಗಳದಲ್ಲಿ ಆಡುತ್ತಾರೆ. ಅದರ ನಷ್ಟವನ್ನು ಮಾತ್ರ ಅಲ್ಪಸಂಖ್ಯಾತರೇ ಹೆಚ್ಚಾಗಿ ಹೊರುತ್ತಾರೆ, ಏಕೆಂದರೆ ಮಿತಿ ತುಂಬಿದ ಕಟ್ಟಡದಲ್ಲಿ ಅವರ ಮನೆಯನ್ನು ಕೊಳ್ಳಬಲ್ಲವರ ಸಂಖ್ಯೆ ಕಡಿಮೆ. ಕಡ್ಡಾಯಕ್ಕಿಂತ ಸಂಜೆಯ ಉಚಿತ ಭಾಷಾ ತರಗತಿಗಳು, ಪಾಳಿಯಲ್ಲಿ ದುಡಿಯುವವರಿಗೂ ಹೊಂದುವ ವೇಳೆಯಲ್ಲಿ ನಡೆದರೆ, ಹೆಚ್ಚು ಫಲ ಕೊಡುತ್ತವೆ ಎಂದು ನಾನು ನಂಬುತ್ತೇನೆ.

ಈಗ ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೇಲೆ ಹೇಳಿದ ಕೊರತೆಗಳೆಲ್ಲ ದಶಕಗಳಿಂದ ಉಳಿದುಕೊಂಡಿರುವುದಕ್ಕೆ ದೊಡ್ಡ ಕಾರಣ, ಅವುಗಳನ್ನು ಅನುಭವಿಸುವವರಿಗೆ ನಿಮ್ಮನ್ನು ಆರಿಸುವ ಹಕ್ಕಿಲ್ಲದಿರುವುದು. ವಿಯೆನ್ನಾದಲ್ಲಿ ಮತದಾನದ ವಯಸ್ಸಿಗೆ ಬಂದ ನಿವಾಸಿಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಪೌರತ್ವವಿಲ್ಲದ ಕಾರಣ ನಗರದ ಶಾಸನಸಭೆಗೆ ಮತ ಹಾಕುವ ಹಕ್ಕಿಲ್ಲ. ಐರೋಪ್ಯ ಒಕ್ಕೂಟದ ಇತರ ದೇಶಗಳವರಿಗೂ ಬಡಾವಣಾ ಮಂಡಳಿಯ ಮತ ಮಾತ್ರ ಇದೆ. ಅವರೆಲ್ಲ ತೆರಿಗೆ ಕಟ್ಟುತ್ತಾರೆ, ಅದೇ ಟ್ರಾಮಿನಲ್ಲಿ ಓಡಾಡುತ್ತಾರೆ, ಅದೇ ಶಾಲೆಗೆ ಮಕ್ಕಳನ್ನು ಕಳಿಸುತ್ತಾರೆ. ದೇಶದ ವಿದೇಶಾಂಗ ನೀತಿಯನ್ನು ಪೌರರು ಮಾತ್ರ ನಿರ್ಧರಿಸಬೇಕೆಂಬ ವಾದ ನನಗೆ ಅರ್ಥವಾಗುತ್ತದೆ. ಕಸ ಎತ್ತುವ ವೇಳೆಯನ್ನೂ ಬಸ್ಸಿನ ಮಾರ್ಗವನ್ನೂ ನಿರ್ಧರಿಸಲು ಪಾಸ್‌ಪೋರ್ಟ್ ಏಕೆ ಬೇಕು ಎಂಬುದು ಅರ್ಥವಾಗುವುದಿಲ್ಲ.

ಇದು ಕೇಳಬಾರದ ಕೇಳಿಕೆಯೂ ಅಲ್ಲ. ಸ್ವೀಡನ್ 1976ರಲ್ಲಿ, ನೆದರ್ಲೆಂಡ್ಸ್ 1985ರಲ್ಲಿ ಕೆಲವು ವರ್ಷ ನೆಲೆಸಿದ ವಿದೇಶಿಯರಿಗೆ ಸ್ಥಳೀಯ ಚುನಾವಣೆಯ ಮತ ಕೊಟ್ಟವು. ದಕ್ಷಿಣ ಕೊರಿಯಾ 2005ರಲ್ಲಿ ಕಾನೂನು ತಿದ್ದಿ, ಕಾಯಂ ನಿವಾಸದ ಹಕ್ಕು ದೊರೆತು ಮೂರು ವರ್ಷ ಕಳೆದವರಿಗೆ 2006ರ ಸ್ಥಳೀಯ ಚುನಾವಣೆಯಲ್ಲಿ ಮತದಾನದ ಅವಕಾಶ ನೀಡಿತು. ಜನಸಂಖ್ಯೆಯ ಅರ್ಧದ ಹತ್ತಿರ ವಿದೇಶಿಯರೇ ಇರುವ ಲಕ್ಸೆಂಬರ್ಗ್, ಐದು ವರ್ಷ ನೆಲೆಸಿರಬೇಕೆಂಬ ಷರತ್ತನ್ನು ತೆಗೆದುಹಾಕಿ 2023ರ ಸ್ಥಳೀಯ ಚುನಾವಣೆ ನಡೆಸಿತು. ಈ ಯಾವ ದೇಶವೂ ಇದರಿಂದ ಮುಳುಗಿಹೋಗಿಲ್ಲ. ದಾರಿ ಸುಲಭವಲ್ಲ ಎಂಬುದನ್ನೂ ಬಲ್ಲೆ: ಹ್ಯಾಂಬರ್ಗ್ ಮಾಡಿದ ಇಂಥದ್ದೇ ಕಾನೂನನ್ನು ಜರ್ಮನಿಯ ಸಂವಿಧಾನ ನ್ಯಾಯಾಲಯ 1990ರಲ್ಲಿ ರದ್ದುಮಾಡಿತು, ನ್ಯೂಯಾರ್ಕ್ ನಗರಸಭೆ 2021ರಲ್ಲಿ ಒಪ್ಪಿದ್ದನ್ನು ಅಲ್ಲಿನ ರಾಜ್ಯದ ಅತ್ಯುನ್ನತ ನ್ಯಾಯಾಲಯ 2025ರ ಮಾರ್ಚಿನಲ್ಲಿ ಅಸಿಂಧುಗೊಳಿಸಿತು.

ಮತದ ಹಕ್ಕು ಕೊಡಲು ಕಾನೂನು ಬಿಡದ ನಗರಗಳಿಗೆ ಕಾವಾಸಾಕಿಯ ಉದಾಹರಣೆಯನ್ನು ಮುಂದಿಡುತ್ತೇನೆ. ಜಪಾನಿನ ಈ ಕೈಗಾರಿಕಾ ನಗರ 1996ರಲ್ಲಿ ವಿದೇಶಿ ನಿವಾಸಿಗಳ ಪ್ರತಿನಿಧಿ ಸಭೆಯನ್ನು ತನ್ನ ನಿಯಮಾವಳಿಯ ಮೂಲಕವೇ ಸ್ಥಾಪಿಸಿತು. ಗರಿಷ್ಠ 26 ಸದಸ್ಯರು, ಎರಡು ವರ್ಷದ ಅವಧಿ, ಸದಸ್ಯರಾಗಲು ಮುಕ್ತ ಅರ್ಜಿ. ಸಭೆಯ ವಾರ್ಷಿಕ ವರದಿಯನ್ನು ಮೇಯರ್ ನಗರಸಭೆಗೆ ತಿಳಿಸಬೇಕು. ವಿದೇಶಿಯರೆಂಬ ಕಾರಣಕ್ಕೆ, ಜಾಮೀನು ನಿಲ್ಲುವವರು ಇಲ್ಲವೆಂಬ ಕಾರಣಕ್ಕೆ ಬಾಡಿಗೆ ಮನೆ ಸಿಗದಿರುವುದು ಆ ಸಭೆ ಎತ್ತಿಕೊಂಡ ಮೊದಲ ವಿಷಯಗಳಲ್ಲಿ ಒಂದು. ನಗರ 2000ದಲ್ಲಿ ವಸತಿ ನಿಯಮಾವಳಿಯನ್ನು ತಂದು, ಬಾಡಿಗೆದಾರರಲ್ಲಿ ಭೇದ ಮಾಡಬಾರದೆಂದು ಬರೆದದ್ದಲ್ಲದೆ, ಜಾಮೀನುದಾರರಿಲ್ಲದವರಿಗೆ ನೆರವಾಗುವ ವ್ಯವಸ್ಥೆಯನ್ನೂ ರೂಪಿಸಿತು. ಜನಾಂಗದ್ವೇಷದ ಭಾಷಣವನ್ನು ಪುನಃಪುನಃ ಮಾಡುವವರಿಗೆ 5 ಲಕ್ಷ ಯೆನ್‌ವರೆಗೆ ದಂಡ ವಿಧಿಸುವ ನಿಯಮವನ್ನು ಅದೇ ನಗರ 2019ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಮತವಿಲ್ಲದಿದ್ದರೂ ಅಧಿಕೃತವಾಗಿ ಮಾತಾಡಲು ಒಂದು ಜಾಗ ಸಿಕ್ಕಿದ್ದರಿಂದ ಬಾಡಿಗೆಗೆ ಮನೆ ಹುಡುಕಿ ಅಲೆದವರ ಅನುಭವ ನಗರದ ಕಾನೂನಾಗಿ ಬದಲಾಯಿತು.

ಇಂಥ ಸಭೆಯನ್ನು ನೀವೂ ಸ್ಥಾಪಿಸಿರಿ, ಆದರೆ ಕೆಲವು ಎಚ್ಚರಗಳೊಂದಿಗೆ. ಅದರಲ್ಲಿ ರಾಯಭಾರ ಕಚೇರಿಗಳು ಸೂಚಿಸಿದ ಗಣ್ಯರೂ ವ್ಯಾಪಾರ ಸಂಘಗಳ ಅಧ್ಯಕ್ಷರೂ ಮಾತ್ರ ತುಂಬಿಕೊಳ್ಳಬಾರದು. ಮನೆಗೆಲಸದವರು, ಕಟ್ಟಡ ಕಾರ್ಮಿಕರು, ದಾದಿಯರು, ವಿದ್ಯಾರ್ಥಿಗಳು ಇರಬೇಕು. ಸಭೆ ರಜೆಯ ದಿನಗಳಲ್ಲಿ ನಡೆಯಬೇಕು, ದುಭಾಷಿಗಳಿರಬೇಕು, ಸದಸ್ಯರ ಪ್ರಯಾಣದ ಖರ್ಚನ್ನು ಪಾಲಿಕೆ ಭರಿಸಬೇಕು. ಅದರ ಪ್ರತಿ ಶಿಫಾರಸಿಗೂ ಆರು ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕು, ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂದು ಕಾರಣ ತಿಳಿಸಬೇಕು. ಮುಂದಿನ ವರ್ಷದ ಆಯವ್ಯಯ ಪತ್ರ ಸಿದ್ಧವಾಗುವ ಮೊದಲೇ ಮೊದಲ ಸಭೆ ಸೇರಲಿ. ದೂರವಾಣಿ ದುಭಾಷಿ ಸೇವೆ, ವಿಪತ್ತಿನ ಎಚ್ಚರಿಕೆಯ ಭಾಷೆಗಳು, ಅಂತ್ಯಕ್ರಿಯೆಗೆ ಬೇಕಾದ ಜಾಗ ಈ ಮೂರಕ್ಕೆ ಎಷ್ಟು ಹಣ ಬೇಕೆಂಬುದನ್ನು ಸದಸ್ಯರ ಮುಂದೆಯೇ ಲೆಕ್ಕಹಾಕಿರಿ.

ನಿಮ್ಮ ಉತ್ತರವನ್ನೂ ಬಹಿರಂಗವಾಗಿಯೇ ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪರದೇಶದಲ್ಲಿ ನೆಲೆಸಿರುವ ಒಬ್ಬ ನಗರವಾಸಿ